ದಿವಾಳಿಯ ಅಂಚಿನ ಕಂಪನಿ: ಕೀಲಿಕೈ ಯಾರ ಕೈಗೆ?

ಗಿರಣಿಯ ಭೋಂಗಾ ಕೇಳಿ ಶಾಲೆಗೆ ಹೊರಡುತ್ತಿದ್ದ ಸೊಲ್ಲಾಪುರದ ಪೀಳಿಗೆಗೆ ಸೇರಿದವನು ನಾನು. ಏಳನೆಯ ಇಯತ್ತೆಯಲ್ಲಿದ್ದಾಗ ತಂದೆಯವರು ದುಡಿಯುತ್ತಿದ್ದ ಗಿರಣಿಗೆ ಬೀಗ ಬಿದ್ದಿತು. ಬಾಕಿ ಸಂಬಳಕ್ಕಾಗಿ ಯಾರಲ್ಲಿ ಅರ್ಜಿ ಸಲ್ಲಿಸಬೇಕೆಂದು ಅವರಿಗೆ ತಿಳಿಸಿ ಹೇಳುವವರೇ ಇರಲಿಲ್ಲ. ಮುಂದೆ ಲೆಕ್ಕಪತ್ರದ ವೃತ್ತಿಯಲ್ಲಿ ನಾನು ಗಳಿಸಿದ ಅಲ್ಪ ತಿಳಿವಳಿಕೆಯನ್ನು ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನನ್ನ ಶಾಲೆಗೆ ಕಾಣಿಕೆಯಾಗಿ ಒಪ್ಪಿಸುತ್ತಿದ್ದೇನೆ.

ಸಾಲ ತೀರಿಸಲಾರದ ಕಂಪನಿಯ ಮುಂದೆ ಎರಡು ದಾರಿಗಳಿವೆ. ಆಸ್ತಿಯನ್ನು ಮಾರಿ ಹಂಚಿಬಿಡುವುದು ಒಂದು, ಇದೇ ಸಮಾಪನ. ಆಡಳಿತವನ್ನು ಬೇರೊಬ್ಬರಿಗೆ ವಹಿಸಿ ಉದ್ಯಮವನ್ನು ಉಳಿಸಲೆತ್ನಿಸುವುದು ಇನ್ನೊಂದು. ನಡೆಯುವ ಮಗ್ಗಕ್ಕಿರುವ ಬೆಲೆ ನಿಂತ ಮಗ್ಗದ ಕಬ್ಬಿಣಕ್ಕಿಲ್ಲ. ಎರಡನೆಯ ದಾರಿಯ ತಿರುಳು ಇಷ್ಟೇ.

ನಮ್ಮೂರಿನ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಇದಕ್ಕೆ ಹಳೆಯ ನಿದರ್ಶನ. 1949ರ ಆಗಸ್ಟ್‌ನಲ್ಲಿ ಆ ಗಿರಣಿ ನಿಂತಿತು. ದುರಾಡಳಿತದಿಂದ ಉತ್ಪಾದನೆ ಕುಂದಿ ನಿರುದ್ಯೋಗ ಹೆಚ್ಚಿತೆಂಬ ಕಾರಣಕ್ಕೆ ಕೇಂದ್ರ ಸರ್ಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ನಿರ್ದೇಶಕರನ್ನು ಸರ್ಕಾರದ ಕಡೆಯಿಂದಲೇ ನೇಮಿಸುವಂತೆ ಮಾಡಿತು. ಷೇರುದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಪರಿಹಾರ ಕೊಡದೆ ಆಸ್ತಿ ಕಸಿದಂತಾಯಿತೆಂದು ಸರ್ವೋಚ್ಚ ನ್ಯಾಯಾಲಯ 1953ರ ಡಿಸೆಂಬರ್‌ನಲ್ಲಿ ಆ ಕಾನೂನನ್ನು ಅಸಿಂಧುವೆಂದು ಸಾರಿತು. ಸಾರ್ವಜನಿಕ ಹಿತಕ್ಕಾಗಿ ಮಿತಕಾಲ ಆಡಳಿತ ವಹಿಸಿಕೊಳ್ಳುವ ಕಾನೂನುಗಳಿಗೆ 1955ರಲ್ಲಿ ಸಂವಿಧಾನದ ನಾಲ್ಕನೆಯ ತಿದ್ದುಪಡಿಯಿಂದ ರಕ್ಷಣೆ ದೊರೆಯಿತು.

ಇಂದು ಈ ಕೆಲಸ 2016ರ ದಿವಾಳಿ ಸಂಹಿತೆಯಂತೆ ನಡೆಯುತ್ತದೆ. 1 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ಬಾಕಿ ಸಂದಾಯವಾಗದಿದ್ದರೆ ಸಾಲ ಕೊಟ್ಟ ಬ್ಯಾಂಕಾಗಲಿ, ಸರಕು ಒದಗಿಸಿದವರಾಗಲಿ, ಸ್ವತಃ ಕಂಪನಿಯಾಗಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಅಂಗೀಕೃತವಾದೊಡನೆ ಕಂಪನಿಯ ಮೇಲಿನ ದಾವೆ, ಜಪ್ತಿಗಳಿಗೆ ತಡೆ ಬೀಳುತ್ತದೆ. ನಿರ್ದೇಶಕ ಮಂಡಳಿಯ ಅಧಿಕಾರ ನ್ಯಾಯಮಂಡಳಿ ನೇಮಿಸಿದ ವೃತ್ತಿಪರನ ಕೈಸೇರುತ್ತದೆ. ಆತ ಉದ್ಯಮವನ್ನು ನಡೆಸುತ್ತಲೇ ಬಾಕಿಗಳ ಲೆಕ್ಕ ಕೂಡಿಸುತ್ತಾನೆ. ಸಾಲ ಕೊಟ್ಟ ಬ್ಯಾಂಕು ಮೊದಲಾದವರ ಸಮಿತಿಯಲ್ಲಿ, ಸಾಲದ ಮೊತ್ತಕ್ಕನುಗುಣವಾಗಿ, ಶೇಕಡಾ 66 ಮತ ಪಡೆದ ಪುನಶ್ಚೇತನ ಯೋಜನೆ ನ್ಯಾಯಮಂಡಳಿಯ ಒಪ್ಪಿಗೆಯಿಂದ ಜಾರಿಗೆ ಬರುತ್ತದೆ. ಎಲ್ಲವೂ 330 ದಿನಗಳೊಳಗೆ ಮುಗಿಯಬೇಕೆಂಬುದು ನಿಯಮ. ಆಚರಣೆಯಲ್ಲಿ ಗಡುವು ಮೀರುವುದೂ ಉಂಟು.

ಯೋಜನೆ ಕೂಡಿಬಾರದಿದ್ದರೆ ಸಮಾಪನವೇ ಗತಿ. ಆಗ ಪ್ರಕ್ರಿಯೆಯ ವೆಚ್ಚ ಮೊದಲು ಸಲ್ಲುತ್ತದೆ. ಅನಂತರ, ಸಮಾಪನಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೂ, ತನ್ನ ಅಡಮಾನದ ಹಕ್ಕನ್ನು ಬಿಟ್ಟುಕೊಟ್ಟ ಬ್ಯಾಂಕಿನ ಸಾಲಕ್ಕೂ ಸರಿಸಮಾನ ಸ್ಥಾನ. ಭವಿಷ್ಯನಿಧಿ, ಗ್ರಾಚ್ಯುಯಿಟಿ ನಿಧಿಗಳಿಂದ ಕಾರ್ಮಿಕರಿಗೆ ಬರಬೇಕಾದ ಹಣ ಈ ಹಂಚಿಕೆಯ ಗಂಟಿಗೆ ಸೇರುವುದಿಲ್ಲ. ಷೇರುದಾರರದು ಕೊನೆಯ ಸರದಿ.

ಸಮಿತಿಯಲ್ಲಿ ಕಾರ್ಮಿಕನಿಗೆ ಮತವಿಲ್ಲ. ಆದುದರಿಂದಲೇ ಅವನು ತನ್ನ ಬಾಕಿಯನ್ನು ಸಕಾಲದಲ್ಲಿ ದಾಖಲಿಸುವುದು ಅತ್ಯಗತ್ಯ. ಅದಕ್ಕಾಗಿ ವೃತ್ತಿಪರನ ನೇಮಕದಿಂದ ಸಾಮಾನ್ಯವಾಗಿ 14 ದಿನಗಳ ಅವಧಿಯಿರುತ್ತದೆ. ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಬರುತ್ತದೆ. ನಮ್ಮಲ್ಲಿ ಅದು ಮರಾಠಿಯಾಗಿರುವುದು ಸಹಜ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರ ಕಣ್ಣಿಗೆ ಅದು ಬೀಳದೆ ಹೋಗಬಹುದು. ಮೂರೂ ಭಾಷೆಗಳನ್ನು ಕಲಿತು ಈ ಶಾಲೆಯಿಂದ ಹೊರಬಂದ ನಾವು, ಅಂಥ ಪ್ರಕಟಣೆ ಕಂಡ ದಿನ ನೆರೆಮನೆಯ ಹಿರಿಯರಿಗೆ ಓದಿ ಹೇಳೋಣ. ಸಂಬಳದ ಚೀಟಿ, ಹಾಜರಿ ಪತ್ರಗಳನ್ನು ಕೂಡಿಸಿ ಅರ್ಜಿ ಬರೆದುಕೊಡೋಣ. ನನ್ನ ತಂದೆಯವರಿಗೆ ದೊರೆಯದ ನೆರವು ಇನ್ನೊಬ್ಬರಿಗಾದರೂ ದೊರೆಯಲಿ.