ಗೋಡೆಗೆ ಸ್ಟಿಕ್ಕರ್ ಅಂಟಿಸುವ ಮುನ್ನ

ಮಗುವಿನ ಕೋಣೆಗೆ ನವಿಲು, ನಡುಮನೆಗೆ ಹೂಬಳ್ಳಿ! ವಿನೈಲ್ ಸ್ಟಿಕ್ಕರ್ ತಂದು, ಹಿಂಬದಿಯ ಕಾಗದ ಸುಲಿದು ಒತ್ತಿದರಾಯಿತು ಅಂತೀರಾ? ಕುವೆಂಪುನಗರದ ನಮ್ಮ ಮನೆಯಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಬೆಳಗೆದ್ದು ನೋಡಿದರೆ ನವಿಲು ನೆಲದ ಮೇಲೆ, ಅದರ ಬೆನ್ನ ತುಂಬ ಗೋಡೆಯ ಸುಣ್ಣ!

ತಪ್ಪು ನವಿಲಿನದಲ್ಲ. ಕೊಳ್ಳುವ ಮೊದಲು ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿತೇ? ಅದು ಸುಣ್ಣವೋ, ಅಗ್ಗದ ಡಿಸ್ಟೆಂಪರೋ ಇರಬೇಕು. ಅಂಟು ಆ ಪುಡಿಯನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ತೊಳೆಯಬಹುದಾದ ನುಣುಪು ಎಮಲ್ಷನ್ ಬಣ್ಣವಾದರೆ ಚಿಂತೆಯಿಲ್ಲ. ಹೊಸದಾಗಿ ಬಳಿಸಿದ್ದರೆ ಮಾತ್ರ 3-4 ವಾರ ಬಿಡಿ.

ಟೆಕ್ಸ್ಚರ್ ಗೋಡೆಯ ಕಥೆಯೇ ಬೇರೆ. ಸ್ಟಿಕ್ಕರ್ ಅದರ ಉಬ್ಬುಗಳಿಗಷ್ಟೇ ತಾಗುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ, ಅಂಚು ಮೊದಲು ಏಳುತ್ತದೆ. ಅಲ್ಲಿಗೆ ಎಳೆಬಳ್ಳಿ, ಸಣ್ಣ ಅಕ್ಷರ ಬೇಡವೇ ಬೇಡ. ಒರಟು ಗೋಡೆಗೆಂದೇ ಗಟ್ಟಿ ಅಂಟಿನ ವಿನೈಲ್ ಸಿಗುತ್ತದೆ, ನಿಜ. ಆದರೆ ಕೀಳುವಾಗ ಬಣ್ಣವೂ ಜೊತೆಗೇ ಬರಬಹುದು. ಬಾಡಿಗೆ ಮನೆಯವರು ಅಡ್ವಾನ್ಸ್ ಹಣವನ್ನು ನೆನೆಸಿಕೊಳ್ಳಿ! ನನ್ನನ್ನು ಕೇಳಿದರೆ, ಅಂಥ ಮನೆಯಲ್ಲಿ ಚಿತ್ರ ಬೀರುವಿನ ಬಾಗಿಲಿಗೇ ಚೆಂದ.

ಅಂಗಡಿಯಲ್ಲಿ ಒಂದು ತುಣುಕು ಕೇಳಿ ತಂದು, ಮರೆಯಲ್ಲೊಂದು ಕಡೆ ಅಂಟಿಸಿ ವಾರ ಕಾಲ ನೋಡಿ. ಮಳೆಗಾಲದಲ್ಲಿ ತೇವವಾಗುವ ಗೋಡೆ, ಒಲೆ ಹಿಂದಿನ ಜಿಡ್ಡುಗೋಡೆ ಎರಡನ್ನೂ ಬಿಟ್ಟುಬಿಡಿ. ತೆಗೆಯುವಾಗ ಕೂದಲು ಒಣಗಿಸುವ ಡ್ರೈಯರಿನ ಬಿಸಿ ತೋರಿಸಿ, ಒಂದು ಮೂಲೆಯಿಂದ ನಿಧಾನವಾಗಿ ಹಿಂದಕ್ಕೆ ಮಡಚುತ್ತಾ ಎಳೆಯಿರಿ.