'15 ನಿಮಿಷದ ನಗರ' ಅಂದರೆ ಜನರನ್ನು ಕೂಡಿಹಾಕುವ ಯೋಜನೆಯೇ?

"ಮನೆಯಿಂದ 15 ನಿಮಿಷಕ್ಕಿಂತ ದೂರ ಹೋಗಬೇಕಾದರೆ ಇನ್ನು ಸರ್ಕಾರದ ಅನುಮತಿ ಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಈಗಾಗಲೇ ನಿರ್ಧಾರವಾಗಿದೆ." ಇಂಥ ಅರ್ಥದ ಸಂದೇಶಗಳು ಕೆಲವು ವರ್ಷಗಳಿಂದ ಜಗತ್ತಿನಾದ್ಯಂತ ಸುತ್ತುತ್ತಿವೆ. ಇದು ನಿಜವೇ? ನೋಡೋಣ.

ಈ ಕಲ್ಪನೆ ಏನು?

ದಿನಸಿ ಅಂಗಡಿ, ಶಾಲೆ, ಆಸ್ಪತ್ರೆ, ಉದ್ಯಾನ ಇವೆಲ್ಲ ಮನೆಯಿಂದ ಸುಮಾರು 15 ನಿಮಿಷದ ನಡಿಗೆ ಅಥವಾ ಸೈಕಲ್ ದೂರದಲ್ಲಿ ಸಿಗುವಂತೆ ಬಡಾವಣೆಗಳನ್ನು ರೂಪಿಸುವುದು. ಪ್ಯಾರಿಸ್‌ನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ 2016ರಲ್ಲಿ ಇದನ್ನು ಮುಂದಿಟ್ಟರು. ಆಗ ಆ ನಗರದ ಮೇಯರ್ ಆಗಿದ್ದ ಆನ್ ಇಡಾಲ್ಗೊ 2020ರ ಚುನಾವಣೆಯಲ್ಲಿ ಇದನ್ನೇ ಭರವಸೆಯಾಗಿ ಕೊಟ್ಟರು. ಬೇಕಾದ್ದು ಹತ್ತಿರದಲ್ಲಿ ಸಿಗಲಿ ಎಂಬುದಷ್ಟೇ ಇದರ ಉದ್ದೇಶ. ದೂರ ಹೋಗಬಾರದು ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಗೊಂದಲ ಹುಟ್ಟಿದ್ದು ಎಲ್ಲಿ?

ಆಕ್ಸ್‌ಫರ್ಡ್‌ನಲ್ಲಿ ಎರಡು ಸ್ಥಳೀಯ ಸರ್ಕಾರಗಳಿವೆ. ಕಟ್ಟಡ ಎಲ್ಲಿ ಬರಬೇಕು, ಜಾಗ ಯಾವುದಕ್ಕೆ ಬಳಕೆಯಾಗಬೇಕು ಎಂದು ಯೋಜಿಸುವುದು ನಗರ ಕೌನ್ಸಿಲ್. ರಸ್ತೆ ಮತ್ತು ಸಂಚಾರ ಇರುವುದು ಕೌಂಟಿ ಕೌನ್ಸಿಲ್ ಕೈಯಲ್ಲಿ. ಇದನ್ನು ನಮ್ಮ ಜಿಲ್ಲಾ ಮಟ್ಟದ ಆಡಳಿತ ಅಂದುಕೊಳ್ಳಬಹುದು.

2022ರಲ್ಲಿ ನಗರ ಕೌನ್ಸಿಲ್ ತನ್ನ 2040ರವರೆಗಿನ ಯೋಜನೆಯ ಕರಡಿನಲ್ಲಿ '15 ನಿಮಿಷದ ನೆರೆಹೊರೆ' ಎಂಬ ಮಾತು ಬಳಸಿತು. ಅದೇ ವರ್ಷ ನವೆಂಬರ್‌ನಲ್ಲಿ ಕೌಂಟಿ ಕೌನ್ಸಿಲ್, ಆರು ರಸ್ತೆಗಳಲ್ಲಿ ಪ್ರಾಯೋಗಿಕವಾಗಿ 'ಟ್ರಾಫಿಕ್ ಫಿಲ್ಟರ್' ಹಾಕಲು ಒಪ್ಪಿತು. ಇವೆರಡೂ ಬೇರೆ ಬೇರೆ ಸಂಸ್ಥೆಗಳ ಬೇರೆ ಬೇರೆ ಯೋಜನೆಗಳು. ಫಾರ್ವರ್ಡ್‌ಗಳಲ್ಲಿ ಇವನ್ನು ಬೆರೆಸಿ ಒಂದೇ ಮಾಡಲಾಯಿತು.

ಟ್ರಾಫಿಕ್ ಫಿಲ್ಟರ್ ಅಂದರೇನು?

ರಸ್ತೆಗೆ ಗೇಟು ಹಾಕುವುದಲ್ಲ. ನಿಗದಿತ ವೇಳೆಯಲ್ಲಿ ಪರ್ಮಿಟ್ ಇಲ್ಲದ ಖಾಸಗಿ ಕಾರು ಆ ಜಾಗವನ್ನು ದಾಟಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಗುರುತಿಸುತ್ತದೆ, ದಂಡ 70 ಪೌಂಡ್. ಬಸ್, ಟ್ಯಾಕ್ಸಿ, ವ್ಯಾನ್, ಬೈಕ್‌ಗಳಿಗೆ ತಡೆಯಿಲ್ಲ. ನಡೆಯುವವರಿಗೂ ಸೈಕಲ್ ಸವಾರರಿಗೂ ಇಲ್ಲ. ನಗರದ ನಿವಾಸಿಗಳು ವರ್ಷಕ್ಕೆ 100 ದಿನ ಕಾರಿನಲ್ಲೇ ದಾಟಲು ಪರ್ಮಿಟ್ ಪಡೆಯಬಹುದು. ಪರ್ಮಿಟ್ ಮುಗಿದರೂ ಬೇರೆ ರಸ್ತೆ ಹಿಡಿದು ಊರಿನ ಯಾವ ಮೂಲೆಗಾದರೂ ಕಾರಿನಲ್ಲೇ ಹೋಗಬಹುದು. 'ವರ್ಷಕ್ಕೆ 100 ದಿನ ಮಾತ್ರ ಮನೆಯಿಂದ ಹೊರಗೆ' ಎಂಬ ಸುಳ್ಳಿಗೆ ಮೂಲ ಈ ಪರ್ಮಿಟ್ಟೇ.

ಯೋಜನೆ ತಕ್ಷಣ ಜಾರಿಯಾಗಲೂ ಇಲ್ಲ. 2023ರಲ್ಲಿ ರೈಲ್ವೆ ಸೇತುವೆ ಕಾಮಗಾರಿಗಾಗಿ ಬಾಟ್ಲಿ ರಸ್ತೆ ಮುಚ್ಚಿದ್ದರಿಂದ ಮುಂದಕ್ಕೆ ಹೋಯಿತು.

ಸುಳ್ಳಿನಿಂದ ಆದ ನಷ್ಟ

ಎರಡೂ ಕೌನ್ಸಿಲ್‌ಗಳು 2022ರ ಡಿಸೆಂಬರ್‌ನಲ್ಲಿ ಜಂಟಿ ಸ್ಪಷ್ಟೀಕರಣ ಕೊಡಬೇಕಾಯಿತು. ಸಿಬ್ಬಂದಿಗೆ ನಿಂದನೆಯ ಕರೆಗಳು ಬಂದವು. 2023ರ ಫೆಬ್ರವರಿಯಲ್ಲಿ ಸುಮಾರು 2,000 ಜನ ಬೀದಿಗಿಳಿದರು.

ಆ ಗುಂಪಿನಲ್ಲಿದ್ದ ಎಲ್ಲರೂ ಸುಳ್ಳನ್ನು ನಂಬಿದವರಲ್ಲ ಎಂಬುದನ್ನೂ ಹೇಳಬೇಕು. ಕಾರುಗಳೆಲ್ಲ ಹೊರವರ್ತುಲ ರಸ್ತೆಗೆ ಹೋದರೆ ಅಲ್ಲಿ ದಟ್ಟಣೆ ಹೆಚ್ಚುವುದಿಲ್ಲವೇ? ಸಣ್ಣ ಅಂಗಡಿಗಳ ವ್ಯಾಪಾರ ಬೀಳುವುದಿಲ್ಲವೇ? ಇವು ನ್ಯಾಯವಾದ ಪ್ರಶ್ನೆಗಳು, ಕೌನ್ಸಿಲ್ ಉತ್ತರ ಕೊಡಲೇಬೇಕಾದ ಪ್ರಶ್ನೆಗಳು. ಆದರೆ 'ಜೈಲು ಕಟ್ಟುತ್ತಿದ್ದಾರೆ' ಎಂಬ ಗದ್ದಲದಲ್ಲಿ ಅಂಗಡಿಯವರ ಮಾತು ಕೇಳಿಸದೆ ಹೋಯಿತು.

ನಾವು ಏನು ಮಾಡಬಹುದು?

ನಮ್ಮ ನಗರಗಳಲ್ಲೂ ಸಾಮಾನ್ಯವಾಗಿ ಮಾಸ್ಟರ್ ಪ್ಲಾನ್ ಮಾಡುವುದು ಯೋಜನಾ ಅಥವಾ ಅಭಿವೃದ್ಧಿ ಪ್ರಾಧಿಕಾರ, ಬೀದಿಗಳನ್ನು ನೋಡಿಕೊಳ್ಳುವುದು ಪಾಲಿಕೆ. ಹಾಗಾಗಿ ನಮ್ಮ ಏರಿಯಾದ ಬಗ್ಗೆ ಭಯ ಹುಟ್ಟಿಸುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳೋಣ. ಈ ನಿರ್ಧಾರ ಮಾಡುವ ಅಧಿಕಾರ ಯಾರಿಗಿದೆ? ಇದು ಕರಡೋ, ಅಂತಿಮ ಆದೇಶವೋ? ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು?

ಉತ್ತರ ಸಿಕ್ಕರೆ ಫಾರ್ವರ್ಡ್ ಒತ್ತುವ ಬದಲು ಆಕ್ಷೇಪಣೆಯನ್ನೇ ಬರೆದು ಕಳಿಸೋಣ. ಕಚೇರಿಯ ಕಡತಕ್ಕೆ ಸೇರುವುದು ಅದು.