ಮಳೆ ಉಂಟು, ಪಸೆ ಎಲ್ಲಿ?

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಸಂಜೆ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆಯುತ್ತಿತ್ತು. ಕಪ್ಪು ಹಲಗೆಯ ಮೇಲೆ ನಾನು 'ಮಳೆ' ಎಂದು ಬರೆದೆ. ಎಲ್ಲರೂ ಓದಿದರು. 'ಬಾವಿ' ಎಂದು ಬರೆದೆ. ಅದನ್ನೂ ಓದಿದರು. ಆಗ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಕೇಳಿದರು.

"ಟೀಚರೇ, ಓದ್ಲಿಕ್ಕೆ ಬಂತು. ಆದ್ರೆ ಒಂದು ವಿಷಯ ಗೊತ್ತಾಗುದಿಲ್ಲ. ನಮ್ಮ ಊರಲ್ಲಿ ನಾಲ್ಕು ತಿಂಗಳು ಕೊಡೆ ಮಡಚಲಿಕ್ಕೆ ಇಲ್ಲ. ಅಷ್ಟು ಮಳೆ. ಮತ್ತೆ ನಮ್ಮ ಬಾವಿ ಮಾರ್ಚಿಗೇ ಯಾಕೆ ಆರ್ತದೆ?"

ಒಳ್ಳೆಯ ಪ್ರಶ್ನೆ. ಆ ದಿನ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಮಾಡುವ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕೋಲಾರದಲ್ಲಿ ಬೀಳುವುದು 700 ಮಿಲಿಮೀಟರಿನ ಆಸುಪಾಸು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಸೆಂಟ್ಸ್ ಜಾಗ ಎಂದರೆ ಸುಮಾರು 40 ಚದರ ಮೀಟರ್. ಹಾಗಾದರೆ ಒಂದು ಸೆಂಟ್ಸ್ ಜಾಗಕ್ಕೆ ವರ್ಷದಲ್ಲಿ 1,40,000 ಲೀಟರ್ ನೀರು ಆಕಾಶದಿಂದ ಬರುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಒಂಬತ್ತು ಸಾವಿರಕ್ಕೂ ಹೆಚ್ಚು ಕೊಡ! ಇಷ್ಟು ಬಂದ ಊರಿಗೆ ನೀರಿನ ಟ್ಯಾಂಕರ್ ಯಾಕೆ ಬರಬೇಕು?

ಈ ಮಳೆ ವರ್ಷವಿಡೀ ಹಂಚಿ ಬರುವುದಿಲ್ಲ. ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ನೆಲವೋ ಇಳಿಜಾರು. ಘಟ್ಟದಲ್ಲಿ ಹುಟ್ಟಿದ ನೇತ್ರಾವತಿ ಸುಮಾರು ನೂರು ಕಿಲೋಮೀಟರ್ ಹರಿದು ಸಮುದ್ರ ಸೇರಿಬಿಡುತ್ತದೆ. ಇನ್ನು ಗುಡ್ಡದ ಒಳಗೆ ಇರುವುದು ಮುರಕಲ್ಲು. ಜೇನಿನ ಎರಿಯ ಹಾಗೆ ಅದಕ್ಕೆ ಮೈಯೆಲ್ಲ ತೂತು. ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಹಾಗಾಗಿ ಮಳೆ ಎಷ್ಟು ಬಂತು ಎಂದು ಕೇಳಿದರೆ ಸಾಲದು. ಮಣ್ಣಿನಲ್ಲಿ ಪಸೆ ಎಷ್ಟು ದಿನ ನಿಂತಿತು ಎಂದು ಕೇಳಬೇಕು.

ಪಸೆ ಎಂದರೆ ತೇವ. ಮಣ್ಣಿನ ಕಣಗಳಿಗೆ ಅಂಟಿಕೊಂಡ ನೀರು. ಮಣ್ಣು ಮೊದಲು ತಾನು ಕುಡಿಯುತ್ತದೆ. ತನ್ನ ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ಕೆಳಗೆ ಬಿಡುತ್ತದೆ. ಆ ನೀರು ನಿಧಾನಕ್ಕೆ ಬಾವಿಗೆ ಹೋಗುತ್ತದೆ. ಹೊಯಿಗೆ ಮಣ್ಣು ಸ್ವಲ್ಪವೇ ಪಸೆ ಹಿಡಿಯುತ್ತದೆ. ಜೇಡಿ ಮಣ್ಣು ಜಾಸ್ತಿ ಹಿಡಿಯುತ್ತದೆ. ತರಗೆಲೆ ಕೊಳೆತ ಕಪ್ಪು ಮಣ್ಣು ಬಹಳ ಕಾಲ ಹಿಡಿದಿಟ್ಟುಕೊಳ್ಳುತ್ತದೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಜನವರಿ ತಿಂಗಳಲ್ಲಿ ಮರದಡಿಯ ತರಗು ಸರಿಸಿ ಒಂದು ಗೇಣು ಆಳದ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಹಿಡಿದು ಹಿಂಡಿರಿ. ಉಂಡೆಯಾಯಿತೇ? ಕೈಗೆ ತಂಪು ತಾಗಿತೇ? ಹಾಗಾದರೆ ಪಸೆ ಉಂಟು. ಈಗ ಬಿಸಿಲಿಗೆ ಬಿದ್ದ ಬೋಳು ಜಾಗದಲ್ಲಿ ಅಷ್ಟೇ ಆಳದ ಮಣ್ಣು ತೆಗೆದು ಹಿಂಡಿರಿ. ಪುಡಿ ಪುಡಿಯಾಗಿ ಬೆರಳ ಸಂದಿಯಿಂದ ಉದುರುತ್ತದೆ. ಎರಡು ಕಡೆಯೂ ಬಿದ್ದದ್ದು ಒಂದೇ ಮಳೆ.

ಈಗ ವಿಜ್ಞಾನಿಗಳು ಮಣ್ಣಿನ ಪಸೆಯನ್ನು ಆಕಾಶದಿಂದಲೂ ಅಳೆಯುತ್ತಾರೆ. 2015ರಲ್ಲಿ ಅಮೆರಿಕದವರು ಇದಕ್ಕಾಗಿಯೇ ಒಂದು ಉಪಗ್ರಹ ಹಾರಿಸಿದರು. ಅದು ಮೇಲಿನ ಐದು ಸೆಂಟಿಮೀಟರ್ ಮಣ್ಣಿನ ತೇವವನ್ನು ನೋಡುತ್ತದೆ. ಆದರೆ ಉಪಗ್ರಹ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಹಿರಿಯರು ಪಸೆಯನ್ನು ಅಳೆದು, ಅದಕ್ಕೆ ಹೆಸರೂ ಇಟ್ಟಿದ್ದರು. ಬೆಟ್ಟು, ಮಜಲು, ಬೈಲು! ಇದು ಗದ್ದೆಗಳ ಹೆಸರು ಎಂದು ನಾವು ತಿಳಿದಿದ್ದೇವೆ. ನನಗೆ ಕಾಣುವುದು ಹೀಗೆ: ಇವು ಪಸೆಯ ಅಳತೆಗಳು. ಬೆಟ್ಟು ಗದ್ದೆ ಎತ್ತರದಲ್ಲಿ ಇರುತ್ತದೆ. ಮಳೆ ನಿಂತರೆ ಬೇಗ ಒಣಗುತ್ತದೆ. ಅಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಪಸೆ ಇನ್ನಷ್ಟು ಕಾಲ ನಿಲ್ಲುತ್ತದೆ. ಅಲ್ಲಿ ಏಣೆಲು ಆದ ಮೇಲೆ ಸುಗ್ಗಿ ಬೆಳೆಯೂ ಆಗುತ್ತದೆ. ಬೈಲು ತಗ್ಗಿನಲ್ಲಿದೆ. ಅಲ್ಲಿ ಸುಗ್ಗಿಯ ನಂತರ ಕೊಳಕೆ ಎಂಬ ಮೂರನೆಯ ಬೆಳೆಯನ್ನೂ ತೆಗೆಯುತ್ತಿದ್ದರು. ಭತ್ತ ಕೊಯ್ದ ಗದ್ದೆಗೆ ಉದ್ದು, ಹುರುಳಿ ಬಿತ್ತುತ್ತಿದ್ದರು. ಅದಕ್ಕೆ ನೀರು ಹಾಯಿಸುವ ಕೆಲಸ ಇರಲಿಲ್ಲ. ಮಣ್ಣಲ್ಲಿ ಉಳಿದ ಪಸೆ, ರಾತ್ರಿ ಬೀಳುವ ಮಂಜು, ಅಷ್ಟರಲ್ಲೇ ಕಾಯಿ ಬಿಡುತ್ತಿತ್ತು.

ನಮ್ಮ ಕೇಂದ್ರಕ್ಕೆ ಬರುವ ಒಬ್ಬರು ಅಜ್ಜಿ ಹೇಳುತ್ತಾರೆ: "ನಾನು ಮದುವೆಯಾಗಿ ಬಂದ ಕಾಲದಲ್ಲಿ ಬೈಲಲ್ಲಿ ಕೊಳಕೆ ನೇಜಿ ನೆಡ್ಲಿಕ್ಕೆ ಹೋದ್ರೆ ಕಾಲು ಹೂತು ಹೋಗ್ತಿತ್ತು ಮಗಾ. ಈಗ ಅದೇ ಗದ್ದೆಯಲ್ಲಿ ಮಕ್ಕಳು ಕ್ರಿಕೆಟ್ ಆಡ್ತಾರೆ."

ಅಜ್ಜಿಯ ಬೈಲು ಹೆಸರಿಗೆ ಬೈಲು. ಪಸೆಯಲ್ಲಿ ಅದು ಬೆಟ್ಟು ಆಗಿಬಿಟ್ಟಿದೆ.

ಇದು ಒಂದೇ ವರ್ಷದಲ್ಲಿ ಆದದ್ದಲ್ಲ, ಒಂದೇ ಕಾರಣದಿಂದಲೂ ಅಲ್ಲ. ಗದ್ದೆ ಬೇಸಾಯ ಗಿಟ್ಟಲಿಲ್ಲ. ಕೆಲಸಕ್ಕೆ ಜನ ಸಿಗಲಿಲ್ಲ. ಕೆಲವರು ಗದ್ದೆಗೆ ಅಡಿಕೆ ಇಟ್ಟರು, ಕೆಲವರು ಮಣ್ಣು ತುಂಬಿಸಿ ಮನೆ ಕಟ್ಟಿದರು, ಕೆಲವರು ಹಡಿಲು ಬಿಟ್ಟರು. ಅವರನ್ನು ದೂರುವುದು ಸುಲಭ. ಆದರೆ ನಷ್ಟದಲ್ಲಿ ಗದ್ದೆ ಮಾಡಿ ಎಂದು ಯಾರಿಗೆ ಹೇಳಲಿಕ್ಕಾಗುತ್ತದೆ? ಆದರೂ ಗದ್ದೆ ಎಂತ ಮಾಡುತ್ತಿತ್ತು ಎಂದು ತಿಳಿಯಬೇಕು. ಆಟಿ ತಿಂಗಳಲ್ಲಿ ಹುಣಿ ಕಟ್ಟಿದ ಗದ್ದೆ ಒಂದು ದೊಡ್ಡ ಹರಿವಾಣ. ಅದರಲ್ಲಿ ನಿಂತ ನೀರು ಹಗಲು ರಾತ್ರಿ ಇಂಗುತ್ತಿತ್ತು. ಸುತ್ತಲಿನ ಬಾವಿಗಳಿಗೆ ಅದೇ ಉಣಿಸುತ್ತಿತ್ತು. ಹಡಿಲು ಬಿಟ್ಟ ಗದ್ದೆಯ ಹುಣಿ ಒಡೆಯುತ್ತದೆ. ನೀರು ನಿಲ್ಲದೆ ತೋಡಿಗೆ ಓಡುತ್ತದೆ. ಗದ್ದೆಯ ಯಜಮಾನರಿಗೆ ಹೋದದ್ದು ನಾಲ್ಕು ಮುಡಿ ಅಕ್ಕಿ. ಕೆಳಗಿನ ಮನೆಯವರಿಗೆ ಹೋದದ್ದು ಬಾವಿ.

ಗುಡ್ಡದ ಕಥೆಯೂ ಹಾಗೆಯೇ. ಜೆಸಿಬಿ ತಂದು ಗುಡ್ಡ ತಟ್ಟು ಮಾಡುತ್ತಾರೆ. ಮೇಲಿನ ಕಪ್ಪು ಮಣ್ಣು ಒಂದು ಮಳೆಗೆ ತೊಳೆದು ಹೋಗುತ್ತದೆ. ಆ ಮಣ್ಣು ಆಗಲಿಕ್ಕೆ ನೂರಾರು ವರ್ಷ ಬೇಕಾಗಿತ್ತು.

ಇನ್ನು ಮೇಲಿನಿಂದ ಬರುವ ಬದಲಾವಣೆ. ಕಳೆದ ನೂರೈವತ್ತು ವರ್ಷಗಳಲ್ಲಿ ಲೋಕದ ಗಾಳಿ ಒಂದು ಡಿಗ್ರಿಗೂ ಮಿಕ್ಕಿ ಬಿಸಿಯಾಗಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದ ಹೊಗೆಯೇ ಇದಕ್ಕೆ ಮುಖ್ಯ ಕಾರಣ. ಬಿಸಿ ಗಾಳಿ ಬಾಯಾರಿದ ದನದ ಹಾಗೆ, ಮಣ್ಣಿನ ಪಸೆಯನ್ನು ಹೆಚ್ಚು ಹೀರುತ್ತದೆ. ಸಾಕಷ್ಟು ನೀರಾವಿ ಹೊತ್ತುಕೊಂಡ ಅದೇ ಗಾಳಿ, ಮಳೆ ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ಒಂದು ವಾರ ಜಿಟಿಜಿಟಿ ಬಂದ ಮಳೆಯನ್ನು ಮಣ್ಣು ಕುಡಿಯಬಲ್ಲದು. ಅಷ್ಟೇ ಮಳೆ ಒಂದು ರಾತ್ರಿಯಲ್ಲಿ ಬಂದರೆ ಕುಡಿಯಲಿಕ್ಕೆ ಸಮಯ ಎಲ್ಲಿ? ಕೆಂಪು ನೀರಾಗಿ ಹೊಳೆಗೆ ಹೋಗುತ್ತದೆ.

2018 ಮತ್ತು 2019ನ್ನು ನೆನಪು ಮಾಡಿಕೊಳ್ಳಿ. 2018ರ ಮೇ ತಿಂಗಳ ಕೊನೆಗೆ ಮಂಗಳೂರಿನ ರಸ್ತೆಗಳಲ್ಲಿ ನೆರೆ ಬಂತು. ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಜನ ಸತ್ತರು. ಇಷ್ಟೆಲ್ಲ ನೀರು ಕಂಡು ಒಂದು ವರ್ಷ ಆಗಿರಲಿಲ್ಲ. 2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿತು. ಮಂಗಳೂರಿನಲ್ಲಿ ನಲ್ಲಿ ನೀರನ್ನು ಸರದಿಯಲ್ಲಿ ಹಂಚಬೇಕಾಯಿತು. ನೀರು ಕಡಿಮೆ ಇದೆ, ಭಕ್ತರು ಯಾತ್ರೆಯನ್ನು ಸ್ವಲ್ಪ ದಿನ ಮುಂದೂಡಬೇಕು ಎಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಕೇಳಿಕೊಂಡರು. ನೆರೆಯೂ ಬರವೂ ಒಂದೇ ಹೊಳೆಯ ದಂಡೆಗೆ, ಒಂದೇ ವರ್ಷದ ಒಳಗೆ.

ಬರ ಎಂದರೆ ಬೇಸಿಗೆಯದ್ದು ಮಾತ್ರ ಎಂದು ತಿಳಿಯಬೇಡಿ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಆಗಸ್ಟ್ ತಿಂಗಳು ಕೈ ಕೊಟ್ಟಿತು. ಇಡೀ ದೇಶದಲ್ಲಿ 1901ರ ನಂತರ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರಕಾರ ಸಾರಿತು. ಕರಾವಳಿಯ ತಾಲ್ಲೂಕುಗಳ ಹೆಸರೂ ಆ ಪಟ್ಟಿಯಲ್ಲಿ ಇತ್ತು. ಮಳೆಗಾಲದ ನಡುವೆ ಎರಡು ಮೂರು ವಾರ ಮಳೆ ನಿಂತರೆ ಬೆಟ್ಟು ಗದ್ದೆ ಬಿರುಕು ಬಿಡುತ್ತದೆ. ಅದೂ ಬರವೇ.

ಬರ ಬಂದರೆ ಎಲ್ಲರಿಗೂ ಒಂದೇ ಸಮ ತಾಗುವುದಿಲ್ಲ. ತೋಟ ಇದ್ದವರು ಇನ್ನೊಂದು ಕೊಳವೆ ಬಾವಿ ಕೊರೆಸುತ್ತಾರೆ. ಅದು ಬಂಡೆಯ ಸೀಳಿನಲ್ಲಿರುವ ನೀರು. ಇಂದು ಇಂಗಿದ್ದು ಅಲ್ಲಿಗೆ ಇಳಿಯಲಿಕ್ಕೆ ಬಹಳ ಕಾಲ ಬೇಕು. ಗುಡ್ಡದ ಮೇಲಿನ ಐದು ಸೆಂಟ್ಸ್ ಕಾಲನಿಯವರಿಗೆ ಬಾವಿ ತೋಡಲಿಕ್ಕೆ ಜಾಗವೇ ಇಲ್ಲ. ಪಂಚಾಯತಿನ ನಲ್ಲಿಯೇ ಗತಿ. ಅದು ವಾರಕ್ಕೆ ಎರಡು ದಿನ ಬಂದರೆ ಆ ದಿನ ಅಮ್ಮಂದಿರು ಬೀಡಿ ಸೂಪು ಬದಿಗಿಟ್ಟು ಕೊಡದ ಹತ್ತಿರ ಕೂರಬೇಕು. ಅರ್ಧ ದಿನದ ಕೂಲಿ ಹೋಯಿತು. ಅಳಿವೆಯ ಹತ್ತಿರ ಇರುವವರ ಕಷ್ಟ ಬೇರೆ ನಮೂನೆ. ಹೊಳೆಯಲ್ಲಿ ಸಿಹಿನೀರಿನ ಒತ್ತಡ ಕಡಿಮೆಯಾದರೆ ಸಮುದ್ರದ ಉಪ್ಪುನೀರು ಮೇಲೆ ಏರಿ ಬರುತ್ತದೆ. ಬಾವಿ ತುಂಬ ನೀರು ಇರುತ್ತದೆ, ಗಂಜಿ ಬೇಯಿಸಲಿಕ್ಕೆ ಆಗುವುದಿಲ್ಲ.

ಹಾಗಾದರೆ ಎಂತ ಮಾಡುವುದು?

ಹಿಂದೆ ಮಳೆ ಬಿಟ್ಟ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಊರವರು ಸೇರಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸೀಳು, ಇಷ್ಟೇ ಸಾಮಾನು. ತೋಡಿನಲ್ಲಿ ನೀರು ನಿಂತರೆ ಎರಡೂ ದಡದ ಮಣ್ಣಿಗೆ ಪಸೆ ಏರುತ್ತದೆ, ಬಾವಿಯಲ್ಲಿ ನೀರು ಮೇಲೆ ಬರುತ್ತದೆ. ಈಗ ಅನೇಕ ಕಡೆ ಕಿಂಡಿ ಅಣೆಕಟ್ಟು ಉಂಟು. ಹಲಗೆ ಮಾತ್ರ ಸರಿಯಾದ ಸಮಯಕ್ಕೆ ಇಳಿಸುವುದಿಲ್ಲ. ತೋಡು ಬತ್ತಿದ ಮೇಲೆ ಹಲಗೆ ಹಾಕಿ ಏನು ಪ್ರಯೋಜನ?

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರಬಹುದು. ಬೋಳು ಗುಡ್ಡದ ಜಾಗದಲ್ಲಿ ಅವರು ಒಬ್ಬರೇ ಸುರಂಗ ಕೊರೆದರು. ಒಂದರ ಮೇಲೊಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಅವರು ಬಿಡಲಿಲ್ಲ. ಕಡೆಗೆ ನೀರು ಸಿಕ್ಕಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗಕ್ಕೆ ಪಂಪು ಬೇಡ, ಕರೆಂಟು ಬೇಡ. ಗುಡ್ಡ ಕುಡಿದ ಮಳೆನೀರು ಅಡ್ಡ ಕೊರೆದ ಬಿಲದಲ್ಲಿ ತೊಟ್ಟಿಕ್ಕಿ ಹೊರಗೆ ಬರುತ್ತದೆ. ಗುಡ್ಡ ಕುಡಿದಿದ್ದರೆ ಮಾತ್ರ.

ನಾವು ಮನೆಯಲ್ಲಿ ಮಾಡಬಹುದಾದ ಕೆಲಸ ಇದಕ್ಕಿಂತ ಸುಲಭ. ತರಗೆಲೆಗೆ ಬೆಂಕಿ ಹಾಕಬೇಡಿ. ತೆಂಗಿನ ಬುಡಕ್ಕೆ, ಬಾಳೆಯ ಬುಡಕ್ಕೆ ಹೊದೆಸಿರಿ. ಮಾಡಿನ ನೀರನ್ನು ಕಲ್ಲು, ಇದ್ದಿಲು, ಹೊಯಿಗೆ ಹಾಕಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬಿಡಬಹುದು. ಮೊದಲ ಎರಡು ಮೂರು ಮಳೆಯ ನೀರು ಬೇಡ, ಅದರಲ್ಲಿ ಮಾಡಿನ ಕಸ ಇರುತ್ತದೆ. ಇಂಗುಗುಂಡಿ ಮಾತ್ರ ನೋಡಿ ಮಾಡಿ. ಕಡಿದಾದ ಗುಡ್ಡದಲ್ಲಿ, ಮನೆಯ ಹಿಂದಿನ ಬರೆಯ ಮೇಲೆ, ಕೆಳಗೆ ಶೇಡಿ ಮಣ್ಣು ಇರುವಲ್ಲಿ ಗುಂಡಿ ತೋಡಬಾರದು. ಶೇಡಿ ಮಣ್ಣು ನೀರು ಕುಡಿದರೆ ಜಾರುತ್ತದೆ. ಬರೆ ಮನೆಯ ಮೇಲೆ ಬಂದೀತು. ನೀರು ಇಂಗಿಸುವ ಉತ್ಸಾಹದಲ್ಲಿ ಇದನ್ನು ಹೇಳಲಿಕ್ಕೆ ಎಷ್ಟೋ ಮಂದಿ ಮರೆಯುತ್ತಾರೆ.

ಇನ್ನೊಂದು ಕೆಲಸ ಉಂಟು. ಅದಕ್ಕೆ ಹಾರೆ ಬೇಡ, ಪೆನ್ಸಿಲು ಸಾಕು. ಕೆಲವು ವರ್ಷದ ಹಿಂದೆ ನಮ್ಮೂರಿನವರು ತೋಡಿಗೆ ಕಿಂಡಿ ಅಣೆಕಟ್ಟು ಬೇಕು ಎಂದು ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದರು. ನಾನೂ ಜೊತೆಗೆ ಹೋಗಿದ್ದೆ. "ಬಾವಿ ಯಾವ ತಿಂಗಳು ಆರ್ತದೆ? ಎಷ್ಟು ವರ್ಷದಿಂದ?" ಎಂದು ಅಲ್ಲಿ ಕೇಳಿದರು. ಒಬ್ಬರು ಫೆಬ್ರವರಿ ಎಂದರು. ಇನ್ನೊಬ್ಬರು ಶಿವರಾತ್ರಿ ಕಳೆದು ಎಂದರು. ಯಾರ ಹತ್ತಿರವೂ ಬರೆದದ್ದು ಇರಲಿಲ್ಲ. ಅರ್ಜಿ ಅಲ್ಲಿಯೇ ಕೂತಿತು.

ಈಗ ನಮ್ಮ ಕೇಂದ್ರದಲ್ಲಿ ಹನ್ನೊಂದು ಮನೆಯವರು ತಿಂಗಳ 1ನೇ ತಾರೀಕಿಗೆ ಬಾವಿಗೆ ಹಗ್ಗ ಇಳಿಸುತ್ತಾರೆ. ಹಗ್ಗದ ತುದಿಯಲ್ಲಿ ಕಲ್ಲು, ಮೊಳಕ್ಕೊಂದು ಗಂಟು. ಬಾವಿಕಟ್ಟೆಯಿಂದ ನೀರಿನವರೆಗೆ ಎಷ್ಟು ಗಂಟು ಎಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಪ್ರಶ್ನೆ ಕೇಳಿದ ಆ ಅಕ್ಕ ಜೂನ್ ತಿಂಗಳಲ್ಲಿ ಸುರು ಮಾಡಿದರು. ಅಕ್ಷರ ಸ್ವಲ್ಪ ಓರೆ, ಆದರೆ ಓದಲಿಕ್ಕೆ ಬರುತ್ತದೆ.

ಜೂನ್ 1, ಕೆಸರು. ಜುಲೈ 1, ಏಳು ಮೊಳ. ಆಗಸ್ಟ್ 1, ಮೂರು ಮೊಳ. ಅಕ್ಟೋಬರ್ 1, ಆರು ಮೊಳ. ಡಿಸೆಂಬರ್ 1, ಹನ್ನೊಂದು ಮೊಳ. ಜನವರಿ 1, ಹದಿನಾಲ್ಕು ಮೊಳ.

ಸೆಪ್ಟೆಂಬರ್, ನವೆಂಬರ್ ಬರೆಯಲಿಲ್ಲ. ಯಾಕೆ ಎಂದು ಕೇಳಿದೆ. "ಆಗ ಮಗಳ ಬಾಣಂತನ ಇತ್ತು ಟೀಚರೇ. ಬರುವ ವರ್ಷ ಬಿಡುದಿಲ್ಲ" ಎಂದರು.